ಹಾಲಿಗಿರುವ ಲೆಕ್ಕ ಮಾತ್ರೆಗಿಲ್ಲ

ಪಂಚನಹಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯ ಅಡುಗೆಮನೆ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್ ಇದೆ. ಪ್ರತಿ ತಾರೀಕಿನ ಚೌಕದೊಳಗೂ ಎರಡೆರಡು ಅಂಕಿ. ಮೇಲಿನದು ಬೆಳಿಗ್ಗೆ ಡೇರಿಗೆ ಹಾಕಿದ ಹಾಲು, ಕೆಳಗಿನದು ಸಂಜೆಯದು. ಒಂದು ದಿನವೂ ಬಿಟ್ಟುಹೋಗಿಲ್ಲ. ಅದೇ ಮೊಳೆಗೆ ಒಂದು ಪ್ಲಾಸ್ಟಿಕ್ ಕವರ್ ನೇತುಹಾಕಿದ್ದಾರೆ. ಅದರ ತುಂಬ ನೋವಿನ ಮಾತ್ರೆಯ ಹಾಳೆಗಳು. ಕೆಲವು ಪೂರ್ತಿ ಖಾಲಿ, ಕೆಲವು ಅರ್ಧ. ಯಾವುದನ್ನು ಯಾವತ್ತು ನುಂಗಿದ್ದು ಎನ್ನುವುದಕ್ಕೆ ಎಲ್ಲೂ ಗುರುತಿಲ್ಲ.

ಕೆಲವು ವಾರಗಳ ಹಿಂದೆ ಹೋದಾಗ ಅವರು ಹಳೆ ಸೀರೆಯ ತುಂಡೊಂದನ್ನು ಹಣೆಗೆ ಬಿಗಿದು ಕಟ್ಟಿಕೊಂಡು ಮುದ್ದೆ ತೊಳಸುತ್ತಿದ್ದರು. ಎಷ್ಟು ದಿನದಿಂದ ಹೀಗೆ ಚಿಕ್ಕಮ್ಮ ಎಂದು ಕೇಳಿದೆ. "ದಿನ ಎಲ್ಲಿ ಲೆಕ್ಕ ಇಡ್ಲಪ್ಪ, ವರ್ಷಗಟ್ಟಲೆ ಐತೆ. ಕತ್ತಿನ ಹಿಂದಿಂದ ಎದ್ದು ನೆತ್ತಿಗೆ ಬರುತ್ತೆ, ಆಮೇಲೆ ಕಣ್ಣಿಗೆ ಇಳಿಯುತ್ತೆ" ಅಂದರು. ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದಾರಂತೆ. ತಾರೀಕು ಸಿಕ್ಕಿರುವುದು ಎರಡು ತಿಂಗಳ ಆಚೆಗೆ. ಅಲ್ಲಿಯವರೆಗೆ ಏನು ಮಾಡ್ತೀರಿ ಎಂದೆ. ಹಿಟ್ಟಿನ ಕೈಯಲ್ಲೇ ಆ ಕವರ್ ತೋರಿಸಿದರು.

ಆ ಕವರ್ ನೋಡಿದ ಮೇಲೆ ಈ ಅಂಕಣ ಬರೆಯದೆ ಇರಲಾಗಲಿಲ್ಲ. ನಾನು ವೈದ್ಯನಲ್ಲ. ಆದರೆ ಈ ನೋವಿನ ಬಗ್ಗೆ ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ಎಷ್ಟೋ ಸಂಗತಿಗಳು ನಮ್ಮ ಹಳ್ಳಿಯ ಅಡುಗೆಮನೆಗಳಿಗೆ ತಲುಪಿಲ್ಲ. ತಜ್ಞರ ಭೇಟಿಗೆ ಕಾಯುವ ಎರಡು ತಿಂಗಳು, ಆರು ತಿಂಗಳು ಸುಮ್ಮನೆ ಹಲ್ಲುಕಚ್ಚಿ ಕಳೆಯಬೇಕಾದ ಕಾಲ ಅಲ್ಲ. ಆ ದಿನಗಳಲ್ಲಿ ನಾವು ಏನು ಮಾಡುತ್ತೇವೆ ಎಂಬುದರ ಮೇಲೆ ನೋವು ಇಳಿಯುವುದೋ ಏರುವುದೋ ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ಚಿಕ್ಕಮಗಳೂರು ಜಿಲ್ಲೆ ಎಂದರೆ ಹೊರಗಿನವರಿಗೆ ಕಾಫಿ ತೋಟ, ಮಂಜು, ಮುಳ್ಳಯ್ಯನಗಿರಿ. ಕಡೂರು ತಾಲ್ಲೂಕಿನ ಈ ಹೋಬಳಿ ಅದಲ್ಲ. ಇದು ತೆಂಗು, ರಾಗಿಯ ಬಯಲುಸೀಮೆ. ನರರೋಗ ತಜ್ಞರು ಬೇಕೆಂದರೆ ಚಿಕ್ಕಮಗಳೂರೋ ಹಾಸನವೋ ಶಿವಮೊಗ್ಗವೋ ಬೆಂಗಳೂರೋ ಆಗಬೇಕು. ಕಡೂರು ತಲುಪಿದ ಮೇಲೂ ಜಿಲ್ಲಾ ಕೇಂದ್ರಕ್ಕೆ ಇನ್ನೂ 40 ಕಿಲೋಮೀಟರ್. ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ, ಸಂಜೆ ಹಸು ಕರೆಯಲು ಇನ್ನೊಬ್ಬರನ್ನು ಗೊತ್ತುಮಾಡಬೇಕು. ಹಾಗಾಗಿ ಹೆಂಗಸರು ತಮ್ಮ ತಲೆನೋವನ್ನು ಮನೆಯ ಎಲ್ಲ ಖರ್ಚುಗಳ ಕೊನೆಗೆ ಇಡುತ್ತಾರೆ. "ತಲೆನೋವು ಯಾರಿಗಿಲ್ಲ" ಎನ್ನುವ ಮಾತು ಮನೆಮಂದಿಯ ಬಾಯಲ್ಲಿ ಸದಾ ಸಿದ್ಧವಾಗಿರುತ್ತದೆ.

ಯಾರಿಗೆಲ್ಲ ಇದೆ ಎಂಬುದನ್ನು ನಮ್ಮ ರಾಜ್ಯದಲ್ಲೇ ಲೆಕ್ಕ ಹಾಕಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ವಿದೇಶದ ಸಂಶೋಧಕರ ಜೊತೆ ಸೇರಿ ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಜನರನ್ನು ಮಾತನಾಡಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದಿತ್ತು ಎಂದವರು ಶೇ 63.9. ಅರೆತಲೆನೋವು, ಅಂದರೆ ಮೈಗ್ರೇನ್, ಇದ್ದವರು ಶೇ 25.2, ನಾಲ್ವರಲ್ಲಿ ಒಬ್ಬರು. ಅದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಯವರಿಗಿಂತ ಹಳ್ಳಿಯವರಲ್ಲಿ ಹೆಚ್ಚು. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವು ಅನುಭವಿಸುವವರು ನೂರಕ್ಕೆ ಮೂವರು. ಅದಕ್ಕೂ ಮೊದಲು, 1993–95ರಲ್ಲಿ, ಡಾ. ಗೌರಿದೇವಿ ಅವರ ನೇತೃತ್ವದಲ್ಲಿ ನಿಮ್ಹಾನ್ಸ್ ತಂಡ ಒಂದು ಲಕ್ಷಕ್ಕೂ ಹೆಚ್ಚು ಜನರ ನರರೋಗ ಸಮೀಕ್ಷೆ ನಡೆಸಿದಾಗಲೂ ಹಳ್ಳಿಗಳಲ್ಲಿ ನರಸಂಬಂಧಿ ಕಾಯಿಲೆಗಳ ಪ್ರಮಾಣ ಪಟ್ಟಣದ ಸುಮಾರು ಎರಡು ಪಟ್ಟು ಇತ್ತು. ತಲೆನೋವು ಕಂಪ್ಯೂಟರ್ ಮುಂದೆ ಕೂರುವವರ ಕಾಯಿಲೆ, ನಮ್ಮ ರೈತಾಪಿ ಮನೆಗಳದ್ದಲ್ಲ ಎನ್ನುವ ತಿಳಿವಳಿಕೆ ಪೂರಾ ತಪ್ಪು.

ಕತ್ತಿನ ನೋವು ತಲೆಗೆ ಏರುವುದು ಹೇಗೆ? ಚಿಕ್ಕಮ್ಮ ಹೇಳಿದ ದಾರಿ ಕಲ್ಪನೆಯದಲ್ಲ. ಕುತ್ತಿಗೆಯಲ್ಲಿ ಏಳು ಮೂಳೆಗಳಿವೆ. ಮೇಲಿನ ಮೂರು ಹಂತಗಳಿಂದ ಹೊರಡುವ ನರಗಳು ಕತ್ತಿನ ಕೀಲು, ಸ್ನಾಯುಗಳ ಸುದ್ದಿಯನ್ನು ಒಳಗೆ ಒಯ್ಯುತ್ತವೆ. ಹಣೆ, ಕಣ್ಣಿನ ಸುತ್ತು, ಕೆನ್ನೆ, ದವಡೆಯ ಸುದ್ದಿಯನ್ನು ತರುವ ನರ ಬೇರೆ. ಈ ಎರಡೂ ಮಿದುಳಿನ ಬುಡದಲ್ಲಿ, ಬೆನ್ನುಹುರಿ ಶುರುವಾಗುವ ಕಡೆ, ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಎರಡು ಹಳ್ಳದ ನೀರು ಒಂದೇ ಕೆರೆಗೆ ಬಿದ್ದ ಮೇಲೆ ಯಾವ ನೀರು ಎಲ್ಲಿಂದ ಬಂತು ಎಂದು ಕೆರೆಗೆ ಗೊತ್ತಾಗುವುದಿಲ್ಲವಲ್ಲ, ಹಾಗೆ. ಕತ್ತಿನ ಕೀಲು ಕೂಗಿದರೆ ಮಿದುಳಿಗೆ ಅದು ಹಣೆಯ ಕೂಗಾಗಿ ಕೇಳುತ್ತದೆ. ಇದು ಉಲ್ಟಾ ಕೂಡ ಆಗುತ್ತದೆ. ಮೈಗ್ರೇನ್ ಶುರುವಾಗುವ ಮೊದಲು ಕತ್ತು ಹಿಡಿದುಕೊಳ್ಳುತ್ತದೆ, ಆಗ ಕತ್ತೇ ಕಾರಣ ಎಂದುಕೊಂಡು ಅದನ್ನು ತಿಕ್ಕಿ ತೀಡಿ ಸುಸ್ತಾಗುತ್ತೇವೆ. ಸೈನಸ್ ವಿಷಯದಲ್ಲೂ ಇದೇ ಗೊಂದಲ. ತಮಗೆ ಸೈನಸ್ ತಲೆನೋವು ಎಂದೇ ನಂಬಿದ್ದ 2,991 ಜನರನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ನೂರಕ್ಕೆ 88 ಮಂದಿಯ ಲಕ್ಷಣ ಮೈಗ್ರೇನಿನದಾಗಿತ್ತು. ಆ ವರದಿ ಬಂದದ್ದು 2004ರಲ್ಲಿ. ಇವತ್ತಿಗೂ ನಮ್ಮಲ್ಲಿ ಶೀತದ ತಲೆನೋವು ಎಂದು ಹಬೆ ತೆಗೆದುಕೊಳ್ಳುತ್ತ ವರ್ಷ ಕಳೆಯುವವರಿದ್ದಾರೆ.

ಇನ್ನು ಕತ್ತಿಗೆ ನಾವು ಕೊಡುವ ಕೆಲಸ. ದೊಡ್ಡವರ ತಲೆ ಸುಮಾರು ಐದು ಕಿಲೋ ತೂಗುತ್ತದೆ. ನೆಟ್ಟಗೆ ನಿಂತಾಗ ಅದು ಬೆನ್ನುಮೂಳೆಯ ಮೇಲೆ ಕೂತಿರುತ್ತದೆ, ಬಗ್ಗಿದಾಗ ಕತ್ತಿನ ಹಿಂದಿನ ಸ್ನಾಯುಗಳಿಗೆ ಜೋತುಬೀಳುತ್ತದೆ. ತುಂಬಿದ ಬಿಂದಿಗೆಯನ್ನು ಎದೆಗೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇದು. ಈರುಳ್ಳಿ ಕಾಲದಲ್ಲಿ ಕಡೂರು, ಅಜ್ಜಂಪುರದ ಕಡೆಯ ಹೆಂಗಸರು ರಾಶಿಯ ಸುತ್ತ ಕೂತು ಬಾಲ ಕತ್ತರಿಸುವುದನ್ನು ನೋಡಿ. ರಾಶಿ ನೆಲದ ಮೇಲೆ, ಕೈ ಮೊಣಕಾಲ ಮಧ್ಯೆ, ಗದ್ದ ಎದೆಗೆ ತಾಗಿರುತ್ತದೆ. ಅಡಿಕೆ ಸುಲಿಯುವಾಗಲೂ ಅಷ್ಟೆ, ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಕುಕ್ಕಿ ಸುಲಿಯುವ ಗಂಡಸರಿಗೂ ಅಷ್ಟೆ. ತಲೆ ಮೇಲೆ ಸಿಂಬೆ ಇಟ್ಟು ಹುಲ್ಲಿನ ಹೊರೆ ಹೊರುವವರು ನೆಟ್ಟಗೇನೋ ನಡೆಯುತ್ತಾರೆ, ಆದರೆ ಆ ಭಾರ ನೇರ ಕತ್ತಿನ ಕೀಲಿಗೆ ಇಳಿಯುತ್ತದೆ. ರಾತ್ರಿ ಮಲಗುವ ಮುಂಚೆ ಎಲ್ಲರ ಕೈಗೂ ಮೊಬೈಲ್ ಬರುತ್ತದೆ, ಮತ್ತೆ ಕತ್ತು ಬಗ್ಗುತ್ತದೆ.

ಕೆಲಸ ಬಿಡಿ ಎಂದು ಹೇಳುವುದು ಸುಲಭ, ಮನೆ ನಡೆಯಬೇಕಲ್ಲ. ಹಾಗಾಗಿ ಕೆಲಸವನ್ನು ಕತ್ತಿನ ಮಟ್ಟಕ್ಕೆ ಎತ್ತುವ ಉಪಾಯ ನೋಡಬೇಕು. ರಾಶಿಯಿಂದ ಒಂದು ಮಂಕರಿಯಷ್ಟು ಈರುಳ್ಳಿಯನ್ನು ಎತ್ತರದ ಹಲಗೆಯ ಮೇಲೋ ತಿರುವಿಹಾಕಿದ ಕ್ರೇಟಿನ ಮೇಲೋ ಸುರಿದುಕೊಂಡರೆ, ಬೆನ್ನಿಗೆ ಗೋಡೆ ಸಿಕ್ಕರೆ, ಬಗ್ಗುವುದು ಎಷ್ಟೋ ಕಡಿಮೆಯಾಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಬೇಕು. ನೋವು ಹೆಚ್ಚಿರುವ ದಿನ ತಲೆಹೊರೆ ಬೇಡ, ಎರಡು ಸಣ್ಣ ಬಿಂದಿಗೆಯಲ್ಲಿ ಎರಡು ಸಲ ತರುವುದು ಮೇಲು. ಮನೆಯ ಗಂಡಸರು, ಮಕ್ಕಳು ನೀರು ತಂದರೆ ಇನ್ನೂ ಮೇಲು. ಇದನ್ನು ಔಷಧಿಯ ಪಟ್ಟಿಗೇ ಸೇರಿಸಬೇಕು ಎನ್ನುವುದು ನನ್ನ ಖಂಡಿತ ಅಭಿಪ್ರಾಯ.

ಈಗ ಆ ಪ್ಲಾಸ್ಟಿಕ್ ಕವರಿನ ವಿಚಾರಕ್ಕೆ ಬರೋಣ. ಈ ಬರಹ ಇರುವುದೇ ಅದಕ್ಕಾಗಿ.

ನೋವಿನ ಮಾತ್ರೆ ನೋವನ್ನು ಕಳೆಯುತ್ತದೆ, ಸರಿ. ಆದರೆ ತಲೆನೋವಿಗೆ ಆಗಾಗ ನುಂಗುತ್ತ ಹೋದರೆ ಅದೇ ಮಾತ್ರೆ ತಲೆನೋವನ್ನು ಹುಟ್ಟಿಸಲು ಶುರುಮಾಡುತ್ತದೆ. ಮಾತ್ರೆಯ ಪ್ರಭಾವ ಇಳಿಯುತ್ತಿದ್ದಂತೆ ಮಿದುಳು ಮತ್ತೆ ನೋವಿನ ಗಂಟೆ ಬಾರಿಸುತ್ತದೆ, ನಾವು ಮತ್ತೊಂದು ನುಂಗುತ್ತೇವೆ. ಇದಕ್ಕೆ ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದಲ್ಲಿ ಸ್ಪಷ್ಟ ಗಡಿ ಇದೆ. ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂಥ ಒಂಟಿ ಮಾತ್ರೆಗಳನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧಿ ಬೆರೆಸಿದ ಮಾತ್ರೆಗಳನ್ನು ಮತ್ತು ಮೈಗ್ರೇನಿಗೆಂದೇ ಕೊಡುವ ಮಾತ್ರೆಗಳನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ನುಂಗಿದವರಿಗೆ ಈ ಅಪಾಯ. ಗಮನಿಸಿ, ಇಲ್ಲಿ ಲೆಕ್ಕ ಮಾತ್ರೆಗಳದ್ದಲ್ಲ, ದಿನಗಳದ್ದು. ದಿನಕ್ಕೆ ಒಂದೇ ಸಾಕು ಎಂದು ದಿನಾ ನುಂಗುವವರೂ ಈ ಬಲೆಗೆ ಬೀಳುತ್ತಾರೆ. 2015ರಲ್ಲಿ ಪ್ರಕಟವಾದ ಕರ್ನಾಟಕದ ಆ ಸಮೀಕ್ಷೆಯಲ್ಲಿ ಹೀಗೆ ಮಾತ್ರೆಯಿಂದಲೇ ತಲೆನೋವು ತಂದುಕೊಂಡಿರುವ ಸಂಭವ ಇದ್ದವರು ಶೇ 1.2. ನೂರು ಜನರಲ್ಲಿ ಒಬ್ಬರು ಎಂದರೆ ಪ್ರತಿ ಹಳ್ಳಿಯಲ್ಲೂ ಕೆಲವರು ಇದ್ದೇ ಇದ್ದಾರೆ.

ಚಿಕ್ಕಮ್ಮ ಯಾವ ಲೆಕ್ಕದಲ್ಲಿದ್ದಾರೆ? ಅವರಿಗೇ ಗೊತ್ತಿರಲಿಲ್ಲ. ಹಾಲಿನ ಲೆಕ್ಕ ಬರೆಯುವ ಅದೇ ಪೆನ್ನು ತೆಗೆದುಕೊಂಡು ಅದೇ ಚೌಕದ ಮೂಲೆಯಲ್ಲಿ ಗುರುತು ಹಾಕಲು ಹೇಳಿದೆ. ತಲೆ ನೋಯ್ದ ದಿನ ಒಂದು ಗೆರೆ. ಕೆಲಸ ಬಿಟ್ಟು ಮಲಗುವಷ್ಟು ನೋಯ್ದರೆ ಎರಡು ಗೆರೆ. ಮಾತ್ರೆ ನುಂಗಿದ ದಿನ ಒಂದು ಸೊನ್ನೆ. ಮುಟ್ಟಾದ ದಿನ, ನಿದ್ದೆ ಕೆಟ್ಟ ದಿನ, ಉಪವಾಸದ ದಿನ ಒಂದೊಂದು ಚುಕ್ಕೆ ಇಟ್ಟರೂ ಸಾಕು. ಓದು ಬಾರದವರೂ ಮಾಡಬಹುದಾದ ಕೆಲಸ. ತಿಂಗಳು ಮುಗಿದ ಮೇಲೆ ಸೊನ್ನೆಗಳನ್ನು ಎಣಿಸಿದೆವು. ಇಪ್ಪತ್ತೆರಡು. ಅವರು ಆ ಹಾಳೆಯನ್ನು ಬಹಳ ಹೊತ್ತು ನೋಡಿ, "ಇಷ್ಟು ತಗೊಂಡಿದ್ದೀನಾ ನಾನು?" ಅಂದರು. ದೊಡ್ಡಾಸ್ಪತ್ರೆಯ ತಜ್ಞರು ಕೂಡ ಮೊದಲು ಕೇಳುವುದು ಇದನ್ನೇ. ತಿಂಗಳಿಗೆ ಎಷ್ಟು ದಿನ ನೋವು, ಎಷ್ಟು ದಿನ ಮಾತ್ರೆ? ಆ ಹಾಳೆ ಕೈಯಲ್ಲಿದ್ದರೆ ಹತ್ತು ನಿಮಿಷದ ಭೇಟಿ ಅರ್ಧ ಗಂಟೆಯ ಭೇಟಿಯಷ್ಟು ಕೆಲಸಕ್ಕೆ ಬರುತ್ತದೆ.

ಹೀಗಿರುವವರು ಮಾತ್ರೆ ಕಡಿಮೆ ಮಾಡುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ನಿಲ್ಲಿಸಿದ ಮೊದಲ ಕೆಲವು ದಿನ, ಒಂದು ವಾರ ಹತ್ತು ದಿನದವರೆಗೂ, ನೋವು ಹೆಚ್ಚಾಗುತ್ತದೆ. ವಾಕರಿಕೆ, ಸಿಡುಕು, ನಿದ್ದೆಗೇಡು ಬರಬಹುದು. ಇದು ಮೊದಲೇ ಗೊತ್ತಿರದವರು ಮೂರನೇ ದಿನಕ್ಕೆ ಸೋತು ಅಂಗಡಿಗೆ ಹೋಗುತ್ತಾರೆ. ಗೊತ್ತಿದ್ದವರು ಆ ವಾರವನ್ನು ದಾಟುತ್ತಾರೆ, ಆಮೇಲೆ ವಾರವಾರಕ್ಕೂ ಇಳಿಯುತ್ತ ಬರುತ್ತದೆ. ಕೊಯ್ಲು, ಮದುವೆ, ಹಬ್ಬದ ವಾರವನ್ನು ಬಿಟ್ಟು ಮನೆಯವರ ಕೈ ಸಹಾಯ ಸಿಗುವ ವಾರವನ್ನು ಇದಕ್ಕೆ ಆರಿಸಿಕೊಳ್ಳಿ. ಆದರೆ ಟ್ರಮಡಾಲ್, ಕೊಡೀನ್ ಇರುವ ಮಾತ್ರೆಗಳನ್ನು ಅಥವಾ ನಿದ್ದೆ ಮಾತ್ರೆಯನ್ನು ದಿನಾ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಬಾರದು. ಅವರು ವೈದ್ಯರ ಕೈಕೆಳಗೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಬಿ.ಪಿ., ಸಕ್ಕರೆ ಕಾಯಿಲೆ, ಫಿಟ್ಸ್ ಮಾತ್ರೆಗಳನ್ನು ಇದರ ಜೊತೆ ಸೇರಿಸಿ ನಿಲ್ಲಿಸಬೇಡಿ, ಅದು ಬೇರೆ ಲೆಕ್ಕ.

ಮಾತ್ರೆ ಬೇಕೇ ಬೇಕಾದ ದಿನ ಪ್ಯಾರಸಿಟಮಾಲ್ ಸಾಮಾನ್ಯವಾಗಿ ಹೆಚ್ಚು ಸುರಕ್ಷಿತ. ನೋವು ಶುರುವಿನಲ್ಲೇ ತೆಗೆದುಕೊಳ್ಳಬೇಕು, ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳಬೇಕು. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಮಿನ ಎಂಟು ಮಾತ್ರೆ, ಮೇಲಿನ ಗಡಿ. ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ, ಕುಡಿತದ ಅಭ್ಯಾಸ ಇರುವವರಿಗೆ ಇದಕ್ಕಿಂತ ಬಹಳ ಕಡಿಮೆ. ನೆಗಡಿಯ ಮಾತ್ರೆಗಳಲ್ಲೂ ಇದೇ ಔಷಧಿ ಇರುತ್ತದೆ, ಎರಡನ್ನೂ ಕೂಡಿಸಿ ಎಣಿಸಬೇಕು. ಡೈಕ್ಲೊಫೆನಾಕ್ ಮಾತ್ರೆ, ಸೂಜಿ ಹಳ್ಳಿಗಳಲ್ಲಿ ನೀರಿನಂತೆ ಹರಿಯುತ್ತಿದೆ. ಬಿ.ಪಿ., ಹೃದಯ, ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇರುವವರಿಗೆ ಮತ್ತು ಬಸುರಿಯರಿಗೆ ಅದು ಅಪಾಯ. ಹೆಸರಿಲ್ಲದ ಪುಡಿಯ ಪೊಟ್ಟಣವನ್ನಂತೂ ಯಾರು ಕೊಟ್ಟರೂ ಮುಟ್ಟಬೇಡಿ.

ಮಾತ್ರೆ ಬಿಟ್ಟರೆ ಇನ್ನೇನು ಎನ್ನುವವರಿಗೆ ಮನೆಯಲ್ಲೇ ಇರುವ ಉಪಚಾರ ಕಡಿಮೆಯೇನಲ್ಲ. ಕತ್ತು ಹಿಡಿದುಕೊಂಡು ತಲೆಗೆ ಏರುವ ನೋವಿಗೆ ಶಾಖ ಒಳ್ಳೆಯದು. ಬಾಣಲೆಯಲ್ಲಿ ಕಲ್ಲುಪ್ಪು ಬಿಸಿಮಾಡಿ ದಪ್ಪ ಬಟ್ಟೆಯಲ್ಲಿ ಗಂಟುಕಟ್ಟಿ, ಮೊದಲು ಮುಂಗೈಗೆ ಮುಟ್ಟಿಸಿ ನೋಡಿ, ಕತ್ತಿಗೂ ಹೆಗಲಿಗೂ ಹದಿನೈದು ನಿಮಿಷ ಇಡುವುದು. ಸಕ್ಕರೆ ಕಾಯಿಲೆಯಿಂದ ಚರ್ಮ ಜೋಮು ಹಿಡಿದವರು ಮಾತ್ರ ಎಚ್ಚರವಾಗಿರಬೇಕು, ಸುಟ್ಟರೂ ಗೊತ್ತಾಗುವುದಿಲ್ಲ. ಒಂದು ಪಕ್ಕ ಟಕಟಕ ಎಂದು ಸಿಡಿಯುತ್ತ, ಬೆಳಕು ಸದ್ದು ಸೇರದೆ, ವಾಂತಿ ಬರುವಂತಾಗುವ ಅರೆತಲೆನೋವಿಗೆ ಹಣೆಗೆ ತಣ್ಣೀರು ಬಟ್ಟೆ, ಕತ್ತಲೆ ಕೋಣೆ, ಒಂದು ಗಂಟೆ ನಿದ್ದೆ. ಗಂಧ ತೇದು ಹಚ್ಚಿದರೆ ತಂಪಾಗುತ್ತದೆ, ಹಚ್ಚಿಕೊಳ್ಳಿ. ಬರೆ ಹಾಕಿಸುವುದು ಮಾತ್ರ ಬೇಡವೇ ಬೇಡ.

ಕತ್ತಿಗೆ ವಿಶ್ರಾಂತಿಗಿಂತ ಮೆಲ್ಲನೆಯ ಚಲನೆ ಹಿತ. ಆಸ್ಟ್ರೇಲಿಯಾದಲ್ಲಿ ಕತ್ತಿನಿಂದ ಬರುವ ತಲೆನೋವಿದ್ದ 200 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ವಾರ ಕತ್ತು ಮತ್ತು ಹೆಗಲಿನ ಸಣ್ಣ ವ್ಯಾಯಾಮ ಕಲಿತವರಿಗೆ ಒಂದು ವರ್ಷದ ನಂತರವೂ ತಲೆನೋವು ಕಡಿಮೆಯಾಗಿಯೇ ಇತ್ತು. ವ್ಯಾಯಾಮ ಏನೂ ಕಷ್ಟದ್ದಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತು, ತಲೆ ಎತ್ತದೆ ಬಗ್ಗಿಸದೆ, ಗದ್ದವನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಕತ್ತಿನ ಹಿಂಭಾಗ ಉದ್ದವಾದಂತೆ ಮಾಡಿ ಐದರವರೆಗೆ ಎಣಿಸಿ ಬಿಡುವುದು, ಹತ್ತು ಸಲ. ಎರಡೂ ಹೆಗಲಿನ ಹಿಂದಿನ ಹಲಗೆಗಳನ್ನು ಒಂದಕ್ಕೊಂದು ಹತ್ತಿರ ತಂದು ಬಿಡುವುದು, ಹತ್ತು ಸಲ. ಎಡಕ್ಕೆ ಬಲಕ್ಕೆ ನಿಧಾನವಾಗಿ, ನೋವು ಶುರುವಾಗುವ ಜಾಗದವರೆಗೆ ಮಾತ್ರ, ತಿರುಗಿಸುವುದು. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಕೈಗೆ ಜೋಮು ಬಂದರೆ, ತಲೆ ಸುತ್ತಿದರೆ ನಿಲ್ಲಿಸಿ ವೈದ್ಯರಿಗೆ ಹೇಳಬೇಕು. ಕತ್ತಿಗೆ ಹಾಕುವ ಪಟ್ಟಿಯನ್ನು ವೈದ್ಯರು ಹೇಳದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಸ್ನಾಯು ಇನ್ನಷ್ಟು ಸೊರಗುತ್ತದೆ. ದಿಂಬು ಒಂದೇ ಇರಲಿ, ತೆಳ್ಳಗಿರಲಿ. ಮಗ್ಗುಲಾಗಿ ಮಲಗುವವರಿಗೆ ಹೆಗಲಿಗೂ ಕಿವಿಗೂ ನಡುವಿನ ಜಾಗ ತುಂಬುವಷ್ಟು ಎತ್ತರ ಸಾಕು. ಟವೆಲ್ ಸುರುಳಿ ಸುತ್ತಿ ಕತ್ತಿನ ಕೆಳಗೆ ಇಟ್ಟುಕೊಂಡರೂ ಹಿತವಾಗುತ್ತದೆ.

ಕ್ಷೌರದ ಅಂಗಡಿಯಲ್ಲಿ ತಲೆ ಮಾಲೀಶು ಮುಗಿಸಿ ಕತ್ತನ್ನು ಎರಡೂ ಕಡೆ ಲಟಕ್ಕನೆ ತಿರುವುವ ಪದ್ಧತಿ ಇದೆಯಲ್ಲ, ಅದನ್ನು ಇವತ್ತೇ ಬಿಡಿ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ತೂತಿನ ಮೂಲಕವೇ ಹಾದುಹೋಗುತ್ತವೆ. ಹಠಾತ್ ತಿರುವಿಗೆ ಆ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅಪರೂಪ ನಿಜ, ಆದರೆ ಹಾಗಾಯಿತೆಂದರೆ ಬದುಕೇ ಬದಲಾಗುತ್ತದೆ. ಉಳುಕು ತೆಗೆಯುವವರು ಎಣ್ಣೆ ಹಚ್ಚಿ ನೀವುವುದಕ್ಕೆ ನನ್ನ ತಕರಾರಿಲ್ಲ. ಕತ್ತು ತಿರುವಲು ಬಂದರೆ ಕೈ ಹಿಡಿದು ಬೇಡ ಎನ್ನಿ.

ನಿದ್ದೆಯ ವಿಚಾರದಲ್ಲಿ ನಮ್ಮ ಬಯಲುಸೀಮೆಯ ಕಷ್ಟ ವೈದ್ಯರ ಚೀಟಿಗೆ ಬರುವುದೇ ಇಲ್ಲ. ತ್ರೀಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ಹನ್ನೆರಡಕ್ಕೋ ಎರಡಕ್ಕೋ ಎದ್ದು ಪಂಪ್‌ಸೆಟ್ ಹಾಕಲು ಹೋಗಬೇಕು. ಎದ್ದವರ ಜೊತೆ ಮನೆಯವರಿಗೂ ಎಚ್ಚರ. ಮೈಗ್ರೇನ್ ಇರುವ ಮಿದುಳಿಗೆ ಇಂಥ ಹರಕು ನಿದ್ದೆ, ಹೊತ್ತು ತಪ್ಪಿದ ಊಟ, ಬಿಸಿಲು, ನೀರು ಕುಡಿಯದಿರುವುದು, ಇವೇ ಕಿಡಿ. ಪಾಳಿ ಮನೆಯಲ್ಲಿ ಹಂಚಿಕೊಳ್ಳಿ, ನೋವಿರುವವರನ್ನು ಅದರಿಂದ ಬಿಡಿಸಿ. ಬೆಳಿಗ್ಗೆ ಬರೀ ಟೀ ಕುಡಿದು ಹತ್ತು ಗಂಟೆಯವರೆಗೆ ಹೊಲದಲ್ಲಿ ಇರಬೇಡಿ, ಒಂದು ತುತ್ತು ತಿಂದು ಹೊರಡಿ. ತಲೆನೋವಿನ ಗೆರೆಯೂ ಉಪವಾಸದ ಚುಕ್ಕೆಯೂ ಕ್ಯಾಲೆಂಡರಿನಲ್ಲಿ ಜೊತೆಯಾಗಿ ಬೀಳುತ್ತಿದ್ದರೆ ದೇವರಿಗೆ ಹಣ್ಣು ಹಾಲಿನ ಉಪವಾಸವೂ ಸಲ್ಲುತ್ತದೆ.

ಎಕ್ಸ್-ರೇ ತೆಗೆಸಿ "ಮೂಳೆ ಸವೆದಿದೆ" ಎಂದು ಬರೆಸಿಕೊಂಡು ಕಂಗಾಲಾದವರಿಗೂ ಒಂದು ಮಾತು. ಜಪಾನಿನಲ್ಲಿ ಕತ್ತಿನ ಯಾವ ತೊಂದರೆಯೂ ಇಲ್ಲದ 1,211 ಜನರಿಗೆ ಎಂ.ಆರ್.ಐ. ಮಾಡಿದಾಗ ಶೇ 87.6 ಮಂದಿಯಲ್ಲಿ ಡಿಸ್ಕ್ ಉಬ್ಬಿರುವುದು ಕಂಡಿತು. ಸವೆತ ನೆರೆಗೂದಲಿನ ಹಾಗೆ, ವಯಸ್ಸಿನ ಗುರುತು. ಎಲ್ಲ ಸವೆತವೂ ನೋವಿನ ಕಾರಣವಲ್ಲ. ಬಯಲುಸೀಮೆಯ ಆಳದ ಕೊಳವೆಬಾವಿಯ ನೀರನ್ನೇ ವರ್ಷಗಟ್ಟಲೆ ಕುಡಿದವರಿಗೆ ಕತ್ತು, ಬೆನ್ನು, ಕೀಲುಗಳೆಲ್ಲ ಬಿಗಿಯುತ್ತ ಬಂದು, ಊರಿನ ಮಕ್ಕಳ ಹಲ್ಲಿನಲ್ಲೂ ಕಂದು ಕಲೆ ಕಾಣುತ್ತಿದ್ದರೆ ಫ್ಲೋರೈಡ್ ಬಗ್ಗೆ ವೈದ್ಯರನ್ನು ಕೇಳಿ, ನೀರನ್ನು ಪರೀಕ್ಷೆ ಮಾಡಿಸಿ.

ಇಷ್ಟೆಲ್ಲ ಹೇಳಿದ್ದು ಕಾಯಬಹುದಾದ ನೋವಿಗೆ. ಕಾಯಬಾರದ ನೋವು ಬೇರೆ ಇದೆ. ಸಿಡಿಲು ಬಡಿದ ಹಾಗೆ ಒಂದೇ ನಿಮಿಷದಲ್ಲಿ ಏರಿದ, ಜೀವನದಲ್ಲೇ ಕಾಣದಂಥ ತಲೆನೋವು. ಜ್ವರದ ಜೊತೆ ಕತ್ತು ಸೆಟೆದು ಗದ್ದ ಎದೆಗೆ ಬಗ್ಗದಿರುವುದು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಫಿಟ್ಸ್, ಎಚ್ಚರ ತಪ್ಪುವುದು, ದೃಷ್ಟಿ ಮಂಕಾಗುವುದು. ಮರದಿಂದಲೋ ಬೈಕಿನಿಂದಲೋ ಬಿದ್ದ ಮೇಲೆ ಶುರುವಾದ ನೋವು. ವಯಸ್ಸಾದವರಲ್ಲಿ ಪೆಟ್ಟು ಬಿದ್ದು ವಾರಗಳಾದ ಮೇಲೂ ತಲೆಯೊಳಗೆ ರಕ್ತ ಕಟ್ಟಿರುವುದುಂಟು. ಬಸುರಿ, ಬಾಣಂತಿಯರ ಜೋರು ತಲೆನೋವು. ಇವಕ್ಕೆ ತಾರೀಕು ಕಾಯುವಂತಿಲ್ಲ, 108ಕ್ಕೆ ಫೋನ್ ಮಾಡಬೇಕು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಸೂಜಿಗೆ ಇರುವ ಅವಕಾಶ ಬರೀ ನಾಲ್ಕೂವರೆ ಗಂಟೆ. ಪಂಚನಹಳ್ಳಿಯಿಂದ ಹೊರಡುವವರಿಗೆ ಅದರಲ್ಲಿ ದಾರಿಯ ಪಾಲೇ ದೊಡ್ಡದು. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು, ದಿನದಿಂದ ದಿನಕ್ಕೆ ಏರುತ್ತಲೇ ಇರುವ ನೋವು, ಕ್ಯಾನ್ಸರ್ ಆಗಿದ್ದವರ ನೋವು ಕೂಡ ಬೇಗ ತೋರಿಸಬೇಕಾದ್ದು. ಕತ್ತುನೋವಿನ ಜೊತೆ ಕೈಯ ಹಿಡಿತ ತಪ್ಪಿ ರವಿಕೆಯ ಹುಕ್ಕು ಹಾಕಲು, ಹೂ ಕಟ್ಟಲು ಆಗದಿದ್ದರೆ, ಕಾಲಿನಿಂದ ಚಪ್ಪಲಿ ಜಾರಿದ್ದೂ ಗೊತ್ತಾಗದಿದ್ದರೆ, ಮೂತ್ರದ ಹಿಡಿತ ಹೋದರೆ ಬೆನ್ನುಹುರಿ ಒತ್ತಿಕೊಳ್ಳುತ್ತಿದೆ ಎಂದು ಅರ್ಥ. ಅಂಥವರು ಎರಡು ತಿಂಗಳ ಆಚೆಯ ತಾರೀಕಿಗೆ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಉಳಿದವರಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರೇ ಬಹಳಷ್ಟು ಮಾಡಬಲ್ಲರು. ಬಿ.ಪಿ. ನೋಡುವುದು, ರಕ್ತಹೀನತೆ ನೋಡುವುದು, ಕಣ್ಣು ಪರೀಕ್ಷೆಗೆ ಕಳಿಸುವುದು ಮಾತ್ರವಲ್ಲ, ನೋವು ಬರದಂತೆ ತಡೆಯುವ ಔಷಧಿಯನ್ನೂ ಶುರುಮಾಡಬಲ್ಲರು. ರಾತ್ರಿ ಸಣ್ಣ ಪ್ರಮಾಣದಲ್ಲಿ ಕೊಡುವ ಅಮಿಟ್ರಿಪ್ಟಿಲಿನ್, ಉಬ್ಬಸ ಇಲ್ಲದವರಿಗೆ ಕೊಡುವ ಪ್ರೊಪ್ರನಲಾಲ್ ದಶಕಗಳಿಂದ ಬಳಕೆಯಲ್ಲಿರುವ, ಅಗ್ಗದ ಮಾತ್ರೆಗಳು. ಇವು ನೋವಿನ ಮಾತ್ರೆಗಳಲ್ಲ. ನುಂಗಿದ ಅರ್ಧ ಗಂಟೆಗೆ ಏನೂ ಆಗುವುದಿಲ್ಲ, ಫಲ ಕಾಣಲು ಆರರಿಂದ ಎಂಟು ವಾರ ಬೇಕು. ನಮ್ಮವರು ಎಂಟನೇ ದಿನಕ್ಕೆ "ಇದು ನಾಟಲಿಲ್ಲ" ಎಂದು ಬಿಡುತ್ತಾರೆ. ತಜ್ಞರ ತಾರೀಕಿಗೆ ಎರಡು ತಿಂಗಳಿದೆ ಎಂದರೆ ಈ ಔಷಧಿ ಕೆಲಸ ಮಾಡಲು ಬೇಕಾದಷ್ಟೇ ಕಾಲ ಇದೆ ಎಂದು ಲೆಕ್ಕ.

ಹಳ್ಳಿ ವೈದ್ಯರಿಗೆ ನರರೋಗದ ತರಬೇತಿ ಕೊಟ್ಟು ತಲೆನೋವು, ಫಿಟ್ಸ್, ಪಾರ್ಶ್ವವಾಯು, ಮರೆವಿನ ಕಾಯಿಲೆಗಳನ್ನು ಹತ್ತಿರದಲ್ಲೇ ನೋಡಿಕೊಳ್ಳುವ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದವು. ಮೊದಲು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ನಡೆಯಿತು, ಆಮೇಲೆ ಜಿಲ್ಲಾ ಆಸ್ಪತ್ರೆಗಳಿಗೆ ಹರಡಿತು. ಹಾಗಾಗಿ ಬೆಂಗಳೂರಿನ ತಾರೀಕಿಗೆ ಕಾಯುವ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿ. ಇ-ಸಂಜೀವಿನಿ ಮೂಲಕ ದೂರದ ವೈದ್ಯರನ್ನು ಸ್ಥಳೀಯ ಆರೋಗ್ಯ ಕೇಂದ್ರದಿಂದಲೇ ಮಾತನಾಡಿಸಲು ಸಾಧ್ಯವೇ ಎಂದೂ ಕೇಳಿ. ಹೋಗುವಾಗ ಹಳೆ ಚೀಟಿಗಳು, ಎಕ್ಸ್-ರೇ, ನುಂಗಿದ ಎಲ್ಲ ಮಾತ್ರೆಗಳ ಹಾಳೆ, ಗುರುತು ಹಾಕಿದ ಕ್ಯಾಲೆಂಡರಿನ ಪುಟ, ಎಲ್ಲವೂ ಒಂದೇ ಕವರಿನಲ್ಲಿ ಇರಲಿ.

ವರ್ಷಗಟ್ಟಲೆ ನೋಯುವವರಿಗೆ ಮನಸ್ಸೂ ಕುಗ್ಗುತ್ತದೆ. ಕುಗ್ಗಿದ ಮನಸ್ಸು ನೋವನ್ನು ಇನ್ನಷ್ಟು ಏರಿಸುತ್ತದೆ. ಇದರರ್ಥ ನೋವು ಸುಳ್ಳು ಎಂದಲ್ಲ. ಜಗತ್ತಿನಲ್ಲಿ ಜನರ ಬದುಕಿನ ಶಕ್ತಿಯನ್ನು ಕುಂದಿಸುವ ಕಾಯಿಲೆಗಳ ಸಾಲಿನಲ್ಲಿ 2019ರ ಅಂದಾಜಿನ ಪ್ರಕಾರ ಮೈಗ್ರೇನ್ ಎರಡನೆಯದಾಗಿತ್ತು, ಕಿರಿಯ ವಯಸ್ಸಿನ ಹೆಂಗಸರಲ್ಲಿ ಮೊದಲನೆಯದಾಗಿತ್ತು. ನಿದ್ದೆ ಬಾರದೆ, ಅಳು ಬರುತ್ತ, ಬದುಕು ಸಾಕೆನಿಸುತ್ತಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ-ಮಾನಸ್ ಸಹಾಯವಾಣಿ ಅದು, ಕರೆ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.

ಚಿಕ್ಕಮ್ಮ ಆ ಕ್ಯಾಲೆಂಡರ್ ಹಾಳೆ ಹಿಡಿದು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿಬಂದರು. ರಾತ್ರಿಗೊಂದು ಮಾತ್ರೆ ಬರೆದುಕೊಟ್ಟಿದ್ದಾರೆ. ನೋವಿನ ಮಾತ್ರೆ ಕಡಿಮೆ ಮಾಡಿದ ಮೊದಲ ವಾರ ಬಹಳ ಕಷ್ಟಪಟ್ಟರು, ಮಗಳು ಬಂದು ಹಸು ನೋಡಿಕೊಂಡಳು. ಈ ತಿಂಗಳ ಹಾಳೆಯಲ್ಲಿ ಇಲ್ಲಿಯವರೆಗೆ ಸೊನ್ನೆ ಆರು. ಗೆರೆಗಳು ಇನ್ನೂ ಹದಿಮೂರು ಇವೆ, ದೊಡ್ಡಾಸ್ಪತ್ರೆಯ ತಾರೀಕಿಗೆ ಹೋಗಿಯೇ ಹೋಗುತ್ತಾರೆ.

ನಿಮ್ಮ ಮನೆಯಲ್ಲೂ ಹಣೆಗೆ ಬಟ್ಟೆ ಬಿಗಿದುಕೊಂಡು ಮುದ್ದೆ ತೊಳಸುವವರಿದ್ದರೆ, ನಾಳೆ ಬೆಳಿಗ್ಗೆ ಹಾಲಿನ ಲೆಕ್ಕ ಬರೆಯುವಾಗ ಅವರ ಕೈಗೂ ಪೆನ್ನು ಕೊಡಿ. ಆಸ್ಪತ್ರೆಗೆ ಅವರೊಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ.